ಎರಡೂವರೆಗೆ ನೆತ್ತಿಗೇರುವ ಸೂರ್ಯ: ದಕ್ಷಿಣ ಸ್ಪೇನಿನಲ್ಲಿ ನಮ್ಮ ಆರು ವಾರ

ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ವರ್ಷ ನಾನೂ ನನ್ನ ಪತ್ನಿಯೂ ಸ್ಪೇನಿನ ದಕ್ಷಿಣ ಭಾಗವಾದ ಆಂದಲೂಸಿಯಾದಲ್ಲಿ ಆರು ವಾರ ಇದ್ದೆವು. ನಾಲ್ಕು ವಾರ ಮೆಡಿಟರೇನಿಯನ್ ದಂಡೆಯ ಮಾಲಗದಲ್ಲಿ, ಎರಡು ವಾರ ಅಟ್ಲಾಂಟಿಕ್ ದಂಡೆಯ ಕಾದಿಸ್‌ನಲ್ಲಿ. ನಾವು ಹೊರಟದ್ದು ಜೂನ್ ಮಧ್ಯದಲ್ಲಿ. ಮಲ್ಪೆಯಲ್ಲಿ ಹುಟ್ಟಿ ಬೆಳೆದ ನನಗೆ ಜೂನ್, ಜುಲೈ ಎಂದರೆ ಕಡಲಿನ ತಂಟೆಗೆ ಹೋಗಬಾರದ ತಿಂಗಳುಗಳು. ಯಾಂತ್ರಿಕ ಮೀನುಗಾರಿಕೆಗೆ 61 ದಿನಗಳ ನಿಷೇಧ, ಬಂದರಿನಲ್ಲಿ ಒತ್ತೊತ್ತಾಗಿ ಕಟ್ಟಿ ನಿಲ್ಲಿಸಿದ ಬೋಟುಗಳು, ಮನೆಯಲ್ಲಿ ಒಣಮೀನಿನ ಚಟ್ನಿ. ಅದೇ ತಿಂಗಳುಗಳಲ್ಲಿ ಒಂದು ದೇಶದ ಜನ ಅಜ್ಜ–ಮೊಮ್ಮಕ್ಕಳ ಸಮೇತ ಕಡಲಿಗೆ ಇಳಿಯುತ್ತಾರೆಂಬುದು ನನಗೆ ಕಣ್ಣಾರೆ ಕಾಣುವವರೆಗೂ ಮನಸ್ಸಿಗೆ ಹಿಡಿದಿರಲಿಲ್ಲ.

ಮೊದಲ ಮೂರು ದಿನ ನಾವು ಮಾಡಿದ್ದೆಲ್ಲವೂ ತಪ್ಪಾಯಿತು. ನಮ್ಮ ಅಭ್ಯಾಸದಂತೆ ಹನ್ನೆರಡೂವರೆಗೆ ಊಟ ಕೇಳಿದರೆ ಅಡುಗೆಮನೆ ಇನ್ನೂ ತೆರೆದಿಲ್ಲ ಎಂಬ ಉತ್ತರ ಬಂತು. ಸಂಜೆ ಏಳೂವರೆಗೆ ಹೋದಾಗಲೂ ಅದೇ ಉತ್ತರ. ಬಾಳೆಹಣ್ಣು, ಬಿಸ್ಕತ್ತು ತಿಂದುಕೊಂಡು, ಹೊತ್ತು ಹಾಳು ಮಾಡಬಾರದೆಂಬ ಹಟದಿಂದ ಮಧ್ಯಾಹ್ನ ಮೂರು ಗಂಟೆಗೆ ಅಲ್ಕಸಾಬ ಕೋಟೆಯ ದಾರಿ ಹತ್ತತೊಡಗಿದೆವು. ಅರ್ಧ ದಾರಿಯಲ್ಲೇ ಪತ್ನಿಗೆ ತಲೆ ಸುತ್ತು ಬಂದು, ಗೋಡೆಯ ನೆರಳಿನಲ್ಲಿ ಕುಳಿತು ಸುಧಾರಿಸಿಕೊಂಡು ಹಿಂದಿರುಗಬೇಕಾಯಿತು. ಬೀದಿಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ.

ನಾವು ಬಾಡಿಗೆಗೆ ಹಿಡಿದಿದ್ದ ಮನೆಯ ಒಡತಿ ಎಪ್ಪತ್ತು ದಾಟಿದ ಹೆಂಗಸು. ನಮ್ಮ ಪಾಡನ್ನು ಕೇಳಿ ಆಕೆ ನಕ್ಕು, ಕೈಗಡಿಯಾರವನ್ನಲ್ಲ, ಸೂರ್ಯನನ್ನು ನೋಡಿ ಎಂದರು. ಆ ಮಾತಿನ ಹಿಂದೆ ಒಂದು ಲೆಕ್ಕವಿದೆ. 1940ರಲ್ಲಿ ಸರ್ವಾಧಿಕಾರಿ ಫ್ರಾಂಕೋನ ಸರ್ಕಾರ ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಮಧ್ಯ ಯುರೋಪಿನ ಸಮಯಕ್ಕೆ ಹೊಂದಿಸಿತು. ಅದು ಮತ್ತೆ ಹಿಂದಕ್ಕೆ ಬರಲೇ ಇಲ್ಲ. ಅದರ ಮೇಲೆ ಬೇಸಿಗೆಯಲ್ಲಿ ಇನ್ನೊಂದು ಗಂಟೆ ಸೇರುತ್ತದೆ. ಹೀಗಾಗಿ ಜೂನ್ ಕೊನೆಯಲ್ಲಿ ಕಾದಿಸ್‌ನಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಹೆಚ್ಚುಕಡಿಮೆ ಎರಡೂವರೆಯಾಗಿರುತ್ತದೆ, ಮುಳುಗುವಾಗ ಹತ್ತಕ್ಕೆ ಹತ್ತೇ ನಿಮಿಷ ಬಾಕಿ. ಎರಡೂವರೆಗೆ ಉಣ್ಣುವವನು ಸೋಮಾರಿಯಲ್ಲ. ಅವನು ನಮ್ಮಂತೆಯೇ ನಡುಹಗಲಿನಲ್ಲಿ ಉಣ್ಣುತ್ತಿದ್ದಾನೆ. ಇಷ್ಟು ತಿಳಿದ ಮೇಲೆ ನಮ್ಮ ದಿನ ತಾನಾಗಿಯೇ ಸರಿಹೋಯಿತು.

ಬೆಳಿಗ್ಗೆ ಎಂಟೂವರೆಗೆ ಸುಟ್ಟ ಬ್ರೆಡ್ಡಿನ ಮೇಲೆ ತುರಿದ ಟೊಮೆಟೊ, ಆಲಿವ್ ಎಣ್ಣೆ, ಉಪ್ಪು, ಜೊತೆಗೊಂದು ಕಾಫಿ. ಹನ್ನೊಂದರವರೆಗೆ ಮಾರುಕಟ್ಟೆ ಇಲ್ಲವೇ ವಸ್ತುಸಂಗ್ರಹಾಲಯ, ಆಮೇಲೆ ಒಂದು ಮುಳುಗು ಸ್ನಾನ. ಎರಡೂವರೆಗೆ ಊಟ. ವಾರದ ದಿನಗಳಲ್ಲಿ ಸಾಮಾನ್ಯ ಹೋಟೆಲುಗಳು ಕೊಡುವ ‘ಮೆನು ದೆಲ್ ದೀಯ’ ನಮ್ಮ ಕೈಗೆಟುಕುವ ಊಟವಾಗಿತ್ತು. ಎರಡು ಬಗೆಯ ಭಕ್ಷ್ಯ, ಬ್ರೆಡ್ಡು, ಕುಡಿಯಲು ಏನಾದರೊಂದು, ಕೊನೆಗೆ ಸಿಹಿ ಅಥವಾ ಕಾಫಿ, ಎಲ್ಲ ಸೇರಿ ನಾವು ಕೊಟ್ಟದ್ದು 12ರಿಂದ 15 ಯೂರೊ. ಪತ್ನಿ ಮೀನು ತಿನ್ನುತ್ತಾಳೆ, ಮಾಂಸ ತಿನ್ನುವುದಿಲ್ಲ. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದೆಂದು ಅವಳಿಗೆ ಗೊತ್ತಾದದ್ದು, ಟೊಮೆಟೊ ಮತ್ತು ಬ್ರೆಡ್ಡನ್ನು ಎಣ್ಣೆಯೊಂದಿಗೆ ಅರೆದು ತಣ್ಣಗೆ ಬಡಿಸುವ ‘ಸಾಲ್ಮೊರೆಹೊ’ದ ಮೇಲೆ ಹಂದಿಮಾಂಸದ ಚೂರುಗಳು ಉದುರಿಸಿಕೊಂಡು ಬಂದಾಗ. ಅಂದಿನಿಂದ ‘ಸಿನ್ ಹಮೋನ್’, ಅಂದರೆ ಹಂದಿಮಾಂಸವಿಲ್ಲದೆ, ಎಂದು ಬಿಡಿಸಿ ಹೇಳುವುದು ಅವಳ ಮೊದಲ ಮಾತಾಯಿತು.

ಊಟ ಮುಗಿದ ಮೇಲೆ ಯಾರೂ ಏಳುವುದಿಲ್ಲ. ತಟ್ಟೆ ತೆಗೆದ ಮೇಜಿನ ಸುತ್ತ ಮಾತಾಡುತ್ತ ಒಂದು ಗಂಟೆ ಕೂರುವುದಕ್ಕೆ ಅಲ್ಲಿ ‘ಸೊಬ್ರೆಮೇಸ’ ಎಂಬ ಹೆಸರೇ ಇದೆ. ಕವಳದ ತಟ್ಟೆ ಒಂದಿಲ್ಲ ಎಂಬುದನ್ನು ಬಿಟ್ಟರೆ ನಮ್ಮ ಅಜ್ಜನ ಮನೆಯ ಜಗಲಿಯೇ ಸರಿ.

ಮಾಲಗದಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಂತು ನೋಡಿದ್ದು ಮೀನು ಸುಡುವವನನ್ನು. ಪೆದ್ರೆಗಾಲೆಹೊ, ಎಲ್ ಪಾಲೊ ಎಂಬ ಹಳೆಯ ಮೀನುಗಾರರ ಬಡಾವಣೆಗಳ ಮರಳಿನ ಮೇಲೆ, ‘ಚಿರಿಂಗೀತೊ’ ಎನ್ನುವ ಕಡಲತಡಿಯ ಹೋಟೆಲುಗಳ ಮುಂದೆ, ಮರಳು ತುಂಬಿದ ದೋಣಿಯೊಂದು ಇರುತ್ತದೆ. ಅದರೊಳಗೆ ಕಟ್ಟಿಗೆಯ ಬೆಂಕಿ. ‘ಎಸ್ಪೆತೆರೊ’ ಎಂದು ಕರೆಸಿಕೊಳ್ಳುವ ಆತ ಸೀಳಿದ ಬಿದಿರಿನಂಥ ಚಪ್ಪಟೆ ಕಡ್ಡಿಯೊಂದಕ್ಕೆ ಆರು ಬೂತಾಯಿಗಳನ್ನು ಅಡ್ಡಡ್ಡವಾಗಿ ಪೋಣಿಸಿ, ಮೇಲೆ ಕಲ್ಲುಪ್ಪು ಎರಚಿ, ಕಡ್ಡಿಯ ಬುಡವನ್ನು ಮರಳಿಗೆ ಓರೆಯಾಗಿ ಊರುತ್ತಾನೆ. ಹೊಗೆ ಮೀನಿನ ಮೇಲೆ ಬಾರದಂತೆ ಗಾಳಿಯ ದಿಕ್ಕು ನೋಡಿ ಊರುವುದರಲ್ಲಿಯೇ ಆತನ ಕಸುಬಿದೆ; ಗಾಳಿ ತಿರುಗಿದರೆ ಕಡ್ಡಿಗಳೂ ಜಾಗ ಬದಲಿಸುತ್ತವೆ. ಮಸಾಲೆಯಿಲ್ಲ, ಹುಳಿಯಿಲ್ಲ, ಅರಶಿನವೂ ಇಲ್ಲ. ಇಷ್ಟು ಬೋಳಾದ ಮೀನನ್ನು ತಿನ್ನುವುದು ಹೇಗೆಂದು ಅಂದುಕೊಂಡಿದ್ದೆ. ಆದರೆ ಹೆಸರಿನಲ್ಲಿ ‘ಆರ್’ ಅಕ್ಷರವಿಲ್ಲದ ತಿಂಗಳುಗಳಲ್ಲಿ, ಅಂದರೆ ಮೇಯಿಂದ ಆಗಸ್ಟ್‌ವರೆಗೆ, ಕೊಬ್ಬೇರಿದ ಆ ಮೀನಿನ ಎಣ್ಣೆಯೇ ಅದಕ್ಕೆ ಮಸಾಲೆ. ಕೈಯಲ್ಲೇ ತಿನ್ನುವುದು ಅಲ್ಲಿಯೂ ರೂಢಿ. ಆ ಒಂದು ವಿಷಯದಲ್ಲಿ ಮಲ್ಪೆಯವನಿಗೆ ಯಾರೂ ಏನನ್ನೂ ಕಲಿಸಬೇಕಾಗಲಿಲ್ಲ.

ಜುಲೈಯಲ್ಲಿ ಎರಡು ದಿನ ‘ತೆರ್ರಾಲ್’ ಬೀಸಿತು. ಅದು ಬೆಟ್ಟದ ಕಡೆಯಿಂದ ಇಳಿಯುವ ಒಣ ಬಿಸಿಗಾಳಿ. ದಂಡೆ ಕಾದ ಕಾವಲಿಯಂತಾಗಿದ್ದರೂ, ಗಾಳಿ ಮೇಲಿನ ಬೆಚ್ಚನೆಯ ನೀರನ್ನು ಒಳಕಡಲಿಗೆ ತಳ್ಳುವುದರಿಂದ ಅಡಿಯ ನೀರು ಮೇಲೆದ್ದು, ಕಾಲಿಟ್ಟರೆ ಮರಗಟ್ಟುವಷ್ಟು ತಣ್ಣಗಿತ್ತು.

ಬಸ್ಸಿನಲ್ಲಿ ಕಾದಿಸ್‌ಗೆ ಹೋದ ಮರುದಿನವೇ ನನ್ನ ಮಾನ ಹೋಯಿತು. ಸಾಂತ ಕತಲೀನ ಮತ್ತು ಸಾನ್ ಸೆಬಾಸ್ತಿಯಾನ್ ಎಂಬ ಎರಡು ಕೋಟೆಗಳ ನಡುವಿನ ಲಾ ಕಲೇತ ಎಂಬ ಪುಟ್ಟ ದಂಡೆಯಲ್ಲಿ, ನೀರು ದೂರವಿದೆಯೆಂದು ಚೀಲ, ಟವೆಲ್, ಚಪ್ಪಲಿಗಳನ್ನು ಮರಳಿನ ಮೇಲಿಟ್ಟು ಕೋಟೆಯ ದಾರಿಯಲ್ಲಿ ನಡೆದುಹೋದೆವು. ಮೆಡಿಟರೇನಿಯನ್ನಿನಲ್ಲಿ ಉಬ್ಬರ–ಇಳಿತ ಕಣ್ಣಿಗೆ ಬೀಳುವುದೇ ಅಪರೂಪ, ಆದರೆ ಇದು ಅಟ್ಲಾಂಟಿಕ್. ದೊಡ್ಡ ಉಬ್ಬರದ ದಿನಗಳಲ್ಲಿ ನೀರು ಮೂರು ಮೀಟರಿನಷ್ಟು ಏರಿಳಿಯುತ್ತದೆ. ನಾವು ಮರಳುವಷ್ಟರಲ್ಲಿ ಚಪ್ಪಲಿ ತೇಲುತ್ತಿತ್ತು. ಮಡಚುವ ಮೇಜು ಹಾಕಿಕೊಂಡು ಕೂತಿದ್ದ ಹಿರಿಯ ಹೆಂಗಸರ ಗುಂಪೊಂದು ನಮ್ಮ ಚೀಲವನ್ನು ಮೊದಲೇ ಎತ್ತಿಟ್ಟು ಕಾಪಾಡಿತ್ತು. ಮೂರು ತಲೆಮಾರು ಕಡಲಲ್ಲೇ ಬದುಕಿದ ಮನೆಯವನು ನಾನೆಂದು ಅವರಿಗೆ ಹೇಳಲು ನನ್ನಲ್ಲಿ ಭಾಷೆ ಇರಲಿಲ್ಲ, ಇದ್ದಿದ್ದರೂ ಹೇಳುತ್ತಿರಲಿಲ್ಲ.

ಅಲ್ಲಿಯೇ ‘ತೊರ್ತಿಯೀತ’ ತಿಂದೆವು. ಕಡಲೆಹಿಟ್ಟು ಮತ್ತು ಗೋಧಿಹಿಟ್ಟನ್ನು ತಣ್ಣೀರಿನಲ್ಲಿ ತೆಳ್ಳಗೆ ಕಲಸಿ, ಈರುಳ್ಳಿ, ಸೊಪ್ಪು ಮತ್ತು ಉಗುರಿಗಿಂತ ಚಿಕ್ಕ ಸೀಗಡಿಗಳನ್ನು ಸಿಪ್ಪೆ ಸಮೇತ ಬೆರೆಸಿ, ಕಾದ ಎಣ್ಣೆಯಲ್ಲಿ ಸೌಟಿನಿಂದ ಹರಡಿ ಕರಿಯುವ ಜಾಲರಿಯಂಥ ತಿಂಡಿ ಅದು. ಪತ್ನಿ ಒಂದು ತುಣುಕು ಮುರಿದು, ಇದು ಬಜ್ಜಿಯ ಅಕ್ಕನೋ ತಂಗಿಯೋ ಎಂದಳು.

ಆಗಸ್ಟಿನಲ್ಲಿ ಊರಿಗೆ ಬಂದಾಗ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದಿದ್ದವು. ಮೊದಲ ಭಾನುವಾರವೇ ಸಣ್ಣ ಸೀಗಡಿ ತಂದು ಅದನ್ನು ಮಾಡಿದೆವು. ಹಿಟ್ಟು ದಪ್ಪವಾಗಿ ಮೊದಲ ನಾಲ್ಕು ಬೋಂಡಾದಂತೆ ಉಬ್ಬಿದವು. ಇನ್ನೊಂದು ಲೋಟ ನೀರು ಸುರಿದ ಮೇಲೆ ಐದನೆಯದು ಜಾಲರಿಯಾಗಿ ಹರಡಿತು. ಆಗ ಗಂಟೆ ಎರಡೂವರೆ.