ಲೆದರ್ ರೇಸಿಂಗ್ ಸೂಟ್: ಟ್ರ್ಯಾಕಿಗೆ ಇಳಿಯುವ ಮೊದಲು ಪರೀಕ್ಷಿಸುವುದು ಹೇಗೆ?

ಹೊಸ ಚಪ್ಪಲಿ ಎಲ್ಲಿ ಕಚ್ಚುತ್ತದೆ ಅಂತ ಅಂಗಡಿಯಲ್ಲಿ ಗೊತ್ತಾಗುವುದಿಲ್ಲ. ನಾಲ್ಕು ದಿನ ಮೆಟ್ಟಿಕೊಂಡು ಓಡಾಡಿದ ಮೇಲೆ ಗೊತ್ತಾಗುತ್ತದೆ. ಬೈಕ್ ರೇಸಿನವರು ತೊಡುವ ಲೆದರ್ ರೇಸಿಂಗ್ ಸೂಟ್ ಕೂಡ ಹಾಗೆಯೇ. ಆದರೆ ಚಪ್ಪಲಿ ಕಚ್ಚಿದರೆ ಒಂದು ಗುಳ್ಳೆ ಏಳುತ್ತದೆ, ಅಷ್ಟೇ. ಸೂಟ್ ಸರಿ ಇಲ್ಲದಿದ್ದರೆ ಮೂಳೆಗೆ ಪೆಟ್ಟು.

ಪುಣೆಯಲ್ಲಿ ನಾವು ಏಳೆಂಟು ಜನ ಕನ್ನಡದ ಗೆಳೆಯರು ಭಾನುವಾರ ಬೆಳಿಗ್ಗೆ ಬೈಕ್ ತೆಗೆಯುತ್ತೇವೆ. ಚಾಕಣದ ಕಾರ್ಖಾನೆಯವರು ಇದ್ದಾರೆ, ಹಿಂಜವಡಿಯ ಸಾಫ್ಟ್‌ವೇರಿನವರು ಇದ್ದಾರೆ. ಮೂರು ವರ್ಷದ ಹಿಂದೆ ತಾಮ್ಹಿಣಿ ಘಾಟಿನ ಒಂದು ತಿರುವಿನಲ್ಲಿ ಜಲ್ಲಿ ಬಿದ್ದಿತ್ತು. ನಾನು ಜಾರಿದೆ. ವೇಗ 40 ಕಿ.ಮೀ. ಕೂಡ ಇರಲಿಲ್ಲ. ಮೈಮೇಲೆ ಒಳ್ಳೆಯ ಲೆದರ್ ಜಾಕೆಟ್ ಇತ್ತು. ಎದ್ದು ನೋಡಿದರೆ ಲೆದರ್ ಹರಿದಿರಲಿಲ್ಲ, ಹೊಲಿಗೆಯೂ ಬಿಟ್ಟಿರಲಿಲ್ಲ. ಆದರೂ ಮೊಣಕೈ ಮೂಳೆ ಬಿರುಕು ಬಿಟ್ಟಿತ್ತು. ಯಾಕೆಂದರೆ ತೋಳು ಸಡಿಲವಾಗಿತ್ತು. ಬಿದ್ದ ಕ್ಷಣದಲ್ಲಿ ಒಳಗಿನ ಪ್ಯಾಡ್ ತಿರುಗಿ ಮುಂಗೈ ಕಡೆಗೆ ಹೋಗಿತ್ತು. ಪ್ಯಾಡ್ ಇತ್ತು, ಇರಬೇಕಾದ ಜಾಗದಲ್ಲಿ ಇರಲಿಲ್ಲ.

ಅವತ್ತಿನಿಂದ ಯಾವ ಸೂಟ್ ಕೈಗೆ ಬಂದರೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಬಿದ್ದಾಗ ಈ ಪ್ಯಾಡ್ ಇಲ್ಲೇ ಇರುತ್ತದಾ? ಬಣ್ಣ, ತೂಕ, ಗಾಳಿ, ಹೆಸರು ಎಲ್ಲ ಆಮೇಲೆ. ಕೆಳಗಿನ ಪರೀಕ್ಷೆಗಳೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳು.

ಮೊದಲು ಒಳಗಿನ ಚೀಟಿ ಓದಿ

ಸೂಟನ್ನು ಒಳಮೈ ಹೊರಗೆ ಬರುವಂತೆ ತಿರುಗಿಸಿ. ಒಳಗೆ ಹೊಲಿದ ಚೀಟಿಯಲ್ಲಿ ಇಎನ್ 17092 ಅಂತ ಇದೆಯಾ ನೋಡಿ. ಇದು ಬೈಕ್ ಸವಾರರ ಬಟ್ಟೆಗೆ ಯುರೋಪಿನ ಮಾನದಂಡ. ಪಕ್ಕದಲ್ಲಿ ದರ್ಜೆ ಬರೆದಿರುತ್ತಾರೆ. ಎಎಎ ಎಲ್ಲಕ್ಕಿಂತ ಮೇಲಿನದು, ಆಮೇಲೆ ಎಎ, ಆಮೇಲೆ ಎ. ‘ಬಿ’ ಅಂದರೆ ಉಜ್ಜುವಿಕೆ ತಡೆಯುತ್ತದೆ, ಆದರೆ ಪ್ಯಾಡ್ ಇಲ್ಲ. ‘ಸಿ’ ಅಂದರೆ ಪ್ಯಾಡುಗಳನ್ನು ಹಿಡಿದಿಡುವ ಉಡುಪು ಮಾತ್ರ. ಭುಜ, ಮೊಣಕೈ, ಸೊಂಟದ ಪಕ್ಕ, ಮೊಣಕಾಲು, ಅಂದರೆ ಮೊದಲು ನೆಲಕ್ಕೆ ತಾಗುವ ಜಾಗಗಳ ಬಟ್ಟೆಯನ್ನು ಯಂತ್ರದಲ್ಲಿ ಕಟ್ಟಿ ತಿರುಗಿಸಿ ಕಾಂಕ್ರೀಟ್ ಮೇಲೆ ಬಿಡುತ್ತಾರೆ. ಎಎಎ ದರ್ಜೆಗೆ ಈ ಪರೀಕ್ಷೆ ಗಂಟೆಗೆ 120 ಕಿ.ಮೀ. ವೇಗಕ್ಕೆ ಸಮನಾಗಿ ನಡೆಯುತ್ತದೆ. ಎಎ ಆದರೆ 70, ಎ ಆದರೆ 45. ಹಾಗಂತ ಎಎಎ ಹಾಕಿಕೊಂಡು 120ರಲ್ಲಿ ಬಿದ್ದರೆ ಏನೂ ಆಗುವುದಿಲ್ಲ ಅಂತ ತಿಳಿಯಬೇಡಿ. ಅದು ಬಟ್ಟೆಗೆ ಕೊಟ್ಟ ಅಂಕ, ನಿಮ್ಮ ಮೈಗೆ ಕೊಟ್ಟ ಭರವಸೆ ಅಲ್ಲ.

ಪ್ಯಾಡುಗಳಿಗೆ ಬೇರೆ ಗುರುತು ಇರುತ್ತದೆ. ಒಂದೊಂದನ್ನೂ ಜೇಬಿನಿಂದ ತೆಗೆದು ನೋಡಿ. ಕೈಕಾಲುಗಳ ಪ್ಯಾಡಿಗೆ ಇಎನ್ 1621-1, ಬೆನ್ನಿನದಕ್ಕೆ 1621-2. ಲೆವೆಲ್ 1, ಲೆವೆಲ್ 2 ಅಂತ ಎರಡು ಮಟ್ಟ. ಪೆಟ್ಟು ಬಿದ್ದಾಗ ಮೊಣಕೈ ಪ್ಯಾಡಿನಿಂದ ಒಳಗೆ ದಾಟುವ ಬಲ ಲೆವೆಲ್ 1ರಲ್ಲಿ ಸರಾಸರಿ 35 ಕಿಲೋನ್ಯೂಟನ್ ಮೀರಬಾರದು, ಲೆವೆಲ್ 2ರಲ್ಲಿ 20. ಬೆನ್ನಿಗೆ ಇದು 18 ಮತ್ತು 9. ವ್ಯತ್ಯಾಸ ಎಷ್ಟು ದೊಡ್ಡದು ನೋಡಿ. ಬೆನ್ನಿಗಂತೂ ಲೆವೆಲ್ 2ಕ್ಕಿಂತ ಕಡಿಮೆಗೆ ಒಪ್ಪಬೇಡಿ ಎನ್ನುವುದು ನನ್ನ ಮಾತು. ಎಷ್ಟೋ ಸೂಟುಗಳಲ್ಲಿ ಬೆನ್ನಿನ ಜೇಬಿನಲ್ಲಿ ಬರೀ ಸ್ಪಂಜು ಇರುತ್ತದೆ. ಇನ್ನು ಸೂಟಿನ ಬೆನ್ನ ಮೇಲೆ, ಕತ್ತಿನ ಕೆಳಗೆ ಉಬ್ಬಿಕೊಂಡಿರುವ ಗೂನು ಗಾಳಿ ಸರಾಗವಾಗಿ ಹರಿಯಲಿ ಅಂತ ಇಟ್ಟದ್ದು. ಅದು ಬೆನ್ನುಮೂಳೆ ಕಾಯುತ್ತದೆ ಅಂತ ನಂಬಿದವರು ಬಹಳ ಜನ ಸಿಕ್ಕಿದ್ದಾರೆ.

ತೊಗಲು, ಹೊಲಿಗೆ

ಹಸುವಿನ ಚರ್ಮದ ಸೂಟ್ ಸಾಮಾನ್ಯವಾಗಿ 1.1ರಿಂದ 1.4 ಮಿ.ಮೀ. ದಪ್ಪ ಇರುತ್ತದೆ. ಕಾಂಗರೂ ಚರ್ಮ ಇದಕ್ಕಿಂತ ತೆಳ್ಳಗೆ, ಹಗುರ, ಆದರೂ ಗಟ್ಟಿ. ಬೆಲೆಯೂ ಜಾಸ್ತಿ.

ನಮ್ಮ ಭಾಗದಲ್ಲಿ ತೊಗಲಿನ ಕೆಲಸ ಬಲ್ಲವರಿಗೆ ಕೊರತೆ ಇಲ್ಲ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಕೂಡ ಸೇರಿದವು. ಪುಣೆಯಲ್ಲಿ ನನ್ನ ಸೂಟ್ ರಿಪೇರಿ ಮಾಡುವ ಕಾಕಾ ಅಥಣಿ ಕಡೆಯವರು. ಸೂಟ್ ಕೈಗೆ ಕೊಟ್ಟರೆ ಮೊದಲು ಹೆಬ್ಬೆರಳಿಂದ ಒತ್ತುತ್ತಾರೆ. ನಿಜವಾದ ತೊಗಲು ಒತ್ತಿದ ಸುತ್ತ ಸಣ್ಣ ಸುಕ್ಕು ಬಿಡುತ್ತದೆ, ರೆಕ್ಸಿನ್ ಸುಮ್ಮನೆ ತಗ್ಗುತ್ತದೆ. ಆಮೇಲೆ ಹೊಲಿಗೆಯ ಎರಡೂ ಬದಿ ಹಿಡಿದು ಜಗ್ಗುತ್ತಾರೆ. “ತಮ್ಮಾ, ತೊಗಲು ಹರಿಯೂದು ಕಡಿಮಿ, ಬಿಡೂದು ಹೊಲಿಗಿ” ಅಂತ ಅವರು ಹೇಳಿದ್ದು ನನ್ನ ಮನಸ್ಸಿನಲ್ಲಿ ಕೂತಿದೆ.

ಹಾಗಾಗಿ ಹೊಲಿಗೆಗೆ ಹೊತ್ತು ಕೊಡಿ. ಭುಜ, ತೋಳಿನ ಹೊರಬದಿ, ಕುಂಡಿ, ತೊಡೆಯ ಹೊರಬದಿ. ಇಲ್ಲಿ ಒಂದೇ ಸಾಲು ಹೊಲಿಗೆ ಇದ್ದರೆ ಬೇಡ. ಎರಡು ಅಥವಾ ಮೂರು ಸಾಲು ಇರಬೇಕು. ಅದರಲ್ಲೂ ಒಂದು ಸಾಲು ಒಳಗೆ ಮುಚ್ಚಿಕೊಂಡಿರಬೇಕು, ಹೊರಗಿನದು ರಸ್ತೆಗೆ ಉಜ್ಜಿ ಹೋದರೂ ಒಳಗಿನದು ಹಿಡಿದಿರುತ್ತದೆ. ಗಾಳಿಗಾಗಿ ಚುಚ್ಚಿದ ತೂತುಗಳು ಎದೆ, ತೊಡೆಯ ಮುಂಭಾಗದಲ್ಲಿ ಇದ್ದರೆ ಸರಿ. ಭುಜ, ಮೊಣಕೈ ಮೇಲೆ ಇರಬಾರದು.

ಮನೆಯಲ್ಲಿ ಅರ್ಧ ಗಂಟೆ

ಹೆಚ್ಚಿನವರು ತಪ್ಪು ಮಾಡುವುದು ಇಲ್ಲಿ. ಅಂಗಡಿಯ ಕನ್ನಡಿ ಮುಂದೆ ನೆಟ್ಟಗೆ ನಿಂತು ‘ಆರಾಮಾಗಿದೆ’ ಅನ್ನುತ್ತಾರೆ. ನೆಟ್ಟಗೆ ನಿಂತಾಗ ಆರಾಮಾಗಿರುವ ರೇಸಿಂಗ್ ಸೂಟ್ ದೊಡ್ಡದಾಗಿದೆ ಅಂತಲೇ ಅರ್ಥ. ಸೂಟನ್ನು ಕತ್ತರಿಸಿರುವುದು ಬೈಕಿನ ಮೇಲೆ ಬಾಗಿ ಕೂತ ಮೈಗೆ. ನಿಂತಾಗ ಅದು ಭುಜವನ್ನು ಮುಂದಕ್ಕೆ ಎಳೆಯಬೇಕು, ಮೊಣಕಾಲನ್ನು ಸ್ವಲ್ಪ ಮಡಿಸಬೇಕು.

ಟ್ರ್ಯಾಕಿನಲ್ಲಿ ಒಳಗೆ ಏನು ತೊಡುತ್ತೀರೋ ಅದನ್ನೇ ತೊಡಿ. ಬೆನ್ನಿನ ಪ್ಯಾಡ್, ಬೂಟು, ಗ್ಲೌಸು, ಹೆಲ್ಮೆಟ್ ಎಲ್ಲ ಹಾಕಿ. ಬೈಕನ್ನು ನೆಟ್ಟಗೆ ಎತ್ತಿ ಹಿಡಿಯುವ ಪ್ಯಾಡಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಹತ್ತಿ ಕೂರಿ. ಹ್ಯಾಂಡಲ್ ಹಿಡಿಯಿರಿ, ಟ್ಯಾಂಕಿಗೆ ಎದೆ ತಾಗಿಸಿ, ತಲೆ ಎತ್ತಿ ಮುಂದೆ ನೋಡಿ. ಗೂನು ಹೆಲ್ಮೆಟ್ಟನ್ನು ತಳ್ಳುತ್ತಿದೆಯಾ? ತಳ್ಳಿದರೆ ವೇಗದಲ್ಲಿ ನಿಮಗೆ ಎದುರಿನ ತಿರುವು ಕಾಣುವುದಿಲ್ಲ. ಈಗ ತಿರುವಿನಲ್ಲಿ ಮಾಡುವ ಹಾಗೆ ಸೀಟಿನ ಮೇಲೆ ಎಡಕ್ಕೆ ಜಾರಿ ಮೊಣಕಾಲು ಹೊರಗೆ ಚಾಚಿ. ಆಮೇಲೆ ಬಲಕ್ಕೆ. ತೊಡೆಸಂದಿಯಲ್ಲಿ ಬಿಗಿದರೆ ನೀವು ಅರಿವಿಲ್ಲದೇ ಕಡಿಮೆ ಜಾರುತ್ತೀರಿ.

ಈಗ ಪ್ಯಾಡಿನ ಪರೀಕ್ಷೆ. ದರ್ಜಿಯ ಚಾಕ್ ತೆಗೆದುಕೊಳ್ಳಿ. ಬಾಗಿ ಕೂತಿರುವಾಗಲೇ ಗೆಳೆಯರೊಬ್ಬರು ನಿಮ್ಮ ಮೊಣಕೈ ಮೂಳೆಯನ್ನು ಲೆದರ್ ಮೇಲಿನಿಂದ ತಡವಿ ಹುಡುಕಿ ಒಂದು ಚುಕ್ಕೆ ಇಡಲಿ. ಭುಜ, ಸೊಂಟದ ಪಕ್ಕ, ಮೊಣಕಾಲಿಗೂ ಹೀಗೇ. ಚುಕ್ಕೆ ಪ್ಯಾಡಿನ ನಡುವೆ ಬರಬೇಕು. ಆಮೇಲೆ ಅವರು ನಿಮ್ಮ ತೋಳನ್ನು ಎರಡೂ ಕೈಯಲ್ಲಿ ಹಿಡಿದು, ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಗಿಸಲಿ. ಮಣಿಕಟ್ಟಿನ ಕಡೆಗೂ ಎಳೆಯಲಿ. ಪ್ಯಾಡಿನ ಅಂಚು ಮೂಳೆಯ ಮೇಲೆ ಬಂದರೆ ಆ ಸೂಟ್ ಸೋತಿತು. ನಾನು ಈ ಕೆಲಸ ಮೂರು ವರ್ಷ ಮೊದಲೇ ಕಲಿತಿದ್ದರೆ ಅಂತ ಇವತ್ತಿಗೂ ಅನ್ನಿಸುತ್ತದೆ.

ಅರ್ಧ ಗಂಟೆ ಆದ ಮೇಲೆ ಸೂಟ್ ಬಿಚ್ಚಿ ಮೈ ನೋಡಿಕೊಳ್ಳಿ. ಚರ್ಮದ ಮೇಲೆ ಕೆಂಪು ಗೆರೆಗಳು ಬಿದ್ದಿರುತ್ತವೆ. ಅವುಗಳ ಫೋಟೋ ತೆಗೆದಿಡಿ. ತೆಳು ಗೆರೆ ಸಹಜ, ತೊಗಲು ಮೈಗೆ ಒಗ್ಗಿದಂತೆ ಹೋಗುತ್ತದೆ. ಕೈಬೆರಳು ಜೋಮು ಹಿಡಿದರೆ, ಉಸಿರು ಪೂರ್ತಿ ಎಳೆಯಲು ಆಗದಿದ್ದರೆ ಅದು ಹೋಗುವುದಿಲ್ಲ. ಅಳತೆಯೇ ತಪ್ಪು.

ರಸ್ತೆಯಲ್ಲಿ

ರಸ್ತೆಯಲ್ಲಿ ವೇಗದ ಪರೀಕ್ಷೆ ಇಲ್ಲ. ಅದು ಟ್ರ್ಯಾಕಿನ ಕೆಲಸ. ರಸ್ತೆಯಲ್ಲಿ ನೋಡುವುದು ಸೆಕೆ, ಹೊತ್ತು ಮತ್ತು ಒಗ್ಗುವಿಕೆ.

ಮೊದಲ ಸಲ ಊರೊಳಗೇ ಹೋಗಿ. ನಳ ಸ್ಟಾಪ್ ಸಿಗ್ನಲ್‌ನಲ್ಲಿ ಬಿಸಿಲಿಗೆ ನಿಂತರೆ ನಾಲ್ಕೈದು ಕಿಲೋ ಲೆದರ್ ಅಂದರೆ ಏನು ಅಂತ ತಿಳಿಯುತ್ತದೆ. ಏಪ್ರಿಲ್, ಮೇ ಮಧ್ಯಾಹ್ನ ಇದನ್ನು ಮಾಡಬೇಡಿ. ಬೆಳಿಗ್ಗೆ ಏಳಕ್ಕೆ ಹೊರಟು ಒಂಬತ್ತರೊಳಗೆ ಮನೆ ಸೇರಿ. ತಲೆ ಹಗುರಾದಂತೆ ಅನ್ನಿಸಿದರೆ, ಬೆವರುವುದು ನಿಂತರೆ ತಕ್ಷಣ ಬೈಕ್ ನಿಲ್ಲಿಸಿ, ಜಿಪ್ ಬಿಚ್ಚಿ ನೆರಳಿಗೆ ಹೋಗಿ. ಹೊರಡುವ ಮೊದಲೇ ನೀರು ಕುಡಿದಿರಿ. ಉಪ್ಪು ಹಾಕಿದ ಮಜ್ಜಿಗೆ ಇನ್ನೂ ಒಳ್ಳೆಯದು.

ಎರಡನೆಯದು ಘಾಟ್. ನಾನು ಪೌಡ್, ಮುಳಶಿ ದಾಟಿ ತಾಮ್ಹಿಣಿಗೇ ಹೋಗುತ್ತೇನೆ. ತಿರುವಿನ ಮೇಲೆ ತಿರುವು ಬರುವುದರಿಂದ ಮೈ ಆ ಕಡೆ ಈ ಕಡೆ ಹೊರಳುತ್ತಲೇ ಇರುತ್ತದೆ. ಮೊಣಕಾಲಿನ ಮೇಲೆ, ಸೊಂಟದ ಹಿಂದೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಇರುವ ಭಾಗ ಇದೆಯಲ್ಲ, ಅದು ಸರಿಯಾಗಿ ಬಿಚ್ಚಿ ಮುಚ್ಚಿಕೊಳ್ಳುತ್ತದೆಯಾ ಗಮನಿಸಿ. ಇಲ್ಲಿ ಮೊಣಕಾಲು ನೆಲಕ್ಕೆ ತಾಗಿಸಲು ಹೋಗಬೇಡಿ, ದಯವಿಟ್ಟು. ಎದುರಿಗೆ ಟೆಂಪೊ ಬರುತ್ತದೆ, ಜಲ್ಲಿ ಇರುತ್ತದೆ, ಎಮ್ಮೆ ಅಡ್ಡ ಬರುತ್ತದೆ.

ಮೂರನೆಯದು ಉದ್ದದ ಸವಾರಿ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಗೆ ದ್ವಿಚಕ್ರ ವಾಹನ ಬಿಡುವುದಿಲ್ಲ. ಹಳೆಯ ಹೆದ್ದಾರಿಯಲ್ಲಿ ಲೋಣಾವಳಾಕ್ಕೆ ಹೋಗಬಹುದು, ಅಥವಾ ಖಂಬಾಟ್ಕಿ ಘಾಟ್ ದಾಟಿ ಸಾತಾರಾಕ್ಕೆ. ಎರಡು ಗಂಟೆ ಒಂದೇ ಭಂಗಿಯಲ್ಲಿ ಕೂತ ಮೇಲೆ ಕತ್ತಿನ ಪಟ್ಟಿ ಕೊರೆಯುತ್ತದೆಯಾ, ಮೊಣಕಾಲಿನ ಹಿಂದೆ ಲೆದರ್ ಗುಪ್ಪೆಯಾಗಿ ಉಜ್ಜುತ್ತದೆಯಾ ಗೊತ್ತಾಗುತ್ತದೆ. ಮನೆಗೆ ಬಂದು ಮತ್ತೆ ಮೈಮೇಲಿನ ಗೆರೆಗಳ ಫೋಟೋ ತೆಗೆಯಿರಿ, ಹಳೆಯದರ ಪಕ್ಕ ಇಟ್ಟು ನೋಡಿ. ಗೆರೆ ತೆಳುವಾಗುತ್ತಿದ್ದರೆ ಸೂಟ್ ನಿಮ್ಮದಾಗುತ್ತಿದೆ.

ಮೂರೂ ಸವಾರಿ ಆದ ಮೇಲೆ ಚಾಕ್ ಪರೀಕ್ಷೆ ಇನ್ನೊಮ್ಮೆ ಮಾಡಿ. ಇದನ್ನು ಬಿಡಬೇಡಿ. ತೊಗಲು ಹಿಗ್ಗುತ್ತದೆ. ಮೊದಲ ದಿನ ಗಟ್ಟಿಯಾಗಿ ಕೂತ ಪ್ಯಾಡ್ ತಿಂಗಳ ನಂತರ ಅಲುಗಾಡಬಹುದು.

ಟ್ರ್ಯಾಕಿನಲ್ಲಿ

ಪುಣೆಯಿಂದ ಹೊರಟರೆ ರಾಷ್ಟ್ರೀಯ ಹೆದ್ದಾರಿ 48 ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರು ಹಾಯ್ದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಗೆ ತಲುಪಿಸುತ್ತದೆ. ಸಾವಿರ ಕಿ.ಮೀ.ಗೂ ಜಾಸ್ತಿ ದಾರಿ. ಅಲ್ಲಿರುವುದು ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ 3.7 ಕಿ.ಮೀ. ಟ್ರ್ಯಾಕ್. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇನ್ನೊಂದು, ಅದು 2.1 ಕಿ.ಮೀ. ಬೈಕನ್ನು ಟೆಂಪೊದಲ್ಲಿ ಕಳಿಸಿ ನೀವು ಬಸ್ಸಿನಲ್ಲಿ ಹೋಗಿ. ದಣಿದ ಮೈಯಲ್ಲಿ ಟ್ರ್ಯಾಕಿಗೆ ಇಳಿಯಬಾರದು.

ಇಳಿಯುವ ಮೊದಲು ತಪಾಸಣೆ ಇರುತ್ತದೆ. ಎರಡು ತುಂಡಿನ ಸೂಟ್ ಆದರೆ ಸೊಂಟದ ಸುತ್ತ ಪೂರ್ತಿ ಜಿಪ್ ಕೂಡಬೇಕು. ಹಿಂದೆ ಮಾತ್ರ ಒಂದು ಗೇಣು ಜಿಪ್ ಇರುವ ಸೂಟ್ ಬಿದ್ದಾಗ ಮೇಲಕ್ಕೆ ಸರಿಯುತ್ತದೆ, ಬೆನ್ನು ಬಯಲಾಗುತ್ತದೆ.

ಇಷ್ಟು ಕಟ್ಟುನಿಟ್ಟು ಯಾಕೆ? ಒಣ ಟಾರಿನ ಮೇಲೆ 60 ಕಿ.ಮೀ. ವೇಗದಲ್ಲಿ ಬಿದ್ದವರು ನಿಲ್ಲುವಷ್ಟರಲ್ಲಿ ಸುಮಾರು 25 ಮೀಟರ್ ಜಾರುತ್ತಾರೆ. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು. 120ರಲ್ಲಿ ಬಿದ್ದರೆ 100 ಮೀಟರ್ ಹತ್ತಿರ. ಅಷ್ಟು ದೂರ ನಿಮ್ಮ ಮೈಗೂ ನೆಲಕ್ಕೂ ನಡುವೆ ಇರುವುದು ಒಂದು ಮಿಲಿಮೀಟರ್ ಚಿಲ್ಲರೆ ತೊಗಲು.

ಮೊದಲ ಸುತ್ತುಗಳನ್ನು ನಿಧಾನ ಹೊಡೆಯಿರಿ. ಒಂದೊಂದು ಸಲಕ್ಕೆ ಒಂದೇ ವಿಷಯ ನೋಡಿ. ನೇರ ದಾರಿಯಲ್ಲಿ ಟ್ಯಾಂಕ್ ಮೇಲೆ ಮಲಗಿದಾಗ ಎದುರು ಕಾಣುತ್ತದೆಯಾ? ಜೋರಾಗಿ ಬ್ರೇಕ್ ಹಿಡಿದಾಗ ಕಂಕುಳಲ್ಲಿ ಸೂಟ್ ಗಂಟಾಗಿ ತೋಳನ್ನು ಹಿಂದಕ್ಕೆ ಎಳೆಯುತ್ತದೆಯಾ? ಸುತ್ತು ಕಳೆದಂತೆ ಮುಂಗೈ ಕಲ್ಲಿನಂತಾದರೆ ತೋಳು ಬಿಗಿ ಇದೆ ಅಂತ ಅರ್ಥ ಇರಬಹುದು. ಹ್ಯಾಂಡಲ್ಲನ್ನು ನೀವೇ ಗಟ್ಟಿ ಹಿಡಿದಿರಲೂಬಹುದು, ಎರಡನ್ನೂ ನೋಡಿ.

ಮೊಣಕಾಲಿನ ಸ್ಲೈಡರ್, ಅಂದರೆ ತಿರುವಿನಲ್ಲಿ ನೆಲಕ್ಕೆ ಉಜ್ಜುವ ಬಿಲ್ಲೆ, ತಾನೇ ಒಂದು ವರದಿ ಬರೆದಿಡುತ್ತದೆ. ಪ್ರತಿ ಸಲ ಟ್ರ್ಯಾಕಿನಿಂದ ಹೊರಗೆ ಬಂದಾಗ ಅದರ ಗೀರು ನೋಡಿ. ಗೀರು ನಡುವೆ ಇದ್ದರೆ ಸರಿ. ಒಂದೇ ಅಂಚಿನಲ್ಲಿ ಸವೆದಿದ್ದರೆ ವೆಲ್ಕ್ರೊ ಬಿಡಿಸಿ ಆ ಕಡೆಗೆ ಸರಿಸಿ ಅಂಟಿಸಿ. ಎಷ್ಟು ಸರಿಸಿದರೂ ಅಂಚೇ ತಾಗುತ್ತಿದ್ದರೆ ಕಾಲಿನ ಭಾಗ ತಿರುಗುತ್ತಿದೆ. ಹಾಗಾದರೆ ಒಳಗಿನ ಮೊಣಕಾಲು ಪ್ಯಾಡ್ ಕೂಡ ತಿರುಗಿರುತ್ತದೆ. ಅಂಥ ಸೂಟಿನಲ್ಲಿ ವೇಗ ಹೆಚ್ಚಿಸಬೇಡಿ, ಸೂಟಿನ ಕಾಲನ್ನು ಹೊಲಿಸಿ ಬಿಗಿ ಮಾಡಿಸಿಕೊಂಡು ಬನ್ನಿ.

ಮನೆಗೆ ಬಂದ ಮೇಲೆ

ಬೆವರಿನ ಉಪ್ಪು ದಾರವನ್ನೂ ತೊಗಲನ್ನೂ ತಿನ್ನುತ್ತದೆ. ಅವತ್ತೇ ಒಳಗಿನ ಅಸ್ತರನ್ನು ಒದ್ದೆ ಬಟ್ಟೆಯಿಂದ ಒರೆಸಿ. ಅಗಲ ಭುಜದ ಹ್ಯಾಂಗರ್‌ಗೆ ಹಾಕಿ ನೆರಳಲ್ಲಿ ಗಾಳಿಗೆ ಬಿಡಿ. ಬಿಸಿಲು, ಹೇರ್ ಡ್ರೈಯರ್ ಬೇಡ, ತೊಗಲು ಸೆಟೆಯುತ್ತದೆ. ಪೂರ್ತಿ ಒಣಗಿದ ಮೇಲೆ ಲೆದರ್ ಕಂಡೀಷನರ್ ತೆಳ್ಳಗೆ ಸವರಿ. ಚಪ್ಪಲಿಗೆ ಎಣ್ಣೆ ಕುಡಿಸುವ ಹಾಗೆ ಸೂಟಿಗೆ ಕುಡಿಸಬೇಡಿ. ತೊಗಲು ಮೆತ್ತಗಾಗಿ ಜೋತು ಬೀಳುತ್ತದೆ, ಪ್ಯಾಡುಗಳು ಮತ್ತೆ ಸಡಿಲ.

ಬಿದ್ದಿದ್ದರೆ ಆ ಜಾಗದ ಪ್ಯಾಡ್ ತೆಗೆದು ಬೆಳಕಿಗೆ ಹಿಡಿದು ಮಡಿಸಿ ನೋಡಿ. ಬಿರುಕು, ತಗ್ಗು ಕಂಡರೆ ಬದಲಿಸಿ. ಹೊಲಿಗೆಯ ಒಂದು ಸಾಲು ಉಜ್ಜಿ ಹೋಗಿದ್ದರೂ ಮುಂದಿನ ಸವಾರಿಗೆ ಮೊದಲು ಹೊಲಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯ ಮಳೆಯಲ್ಲಿ ಮುಚ್ಚಿದ ಬೀರುವಿನಲ್ಲಿಟ್ಟ ಸೂಟಿಗೆ ಬೂಷ್ಟು ಬರುತ್ತದೆ. ಪ್ಲಾಸ್ಟಿಕ್ ಚೀಲ ತೆಗೆದು ಹತ್ತಿ ಬಟ್ಟೆ ಹೊದಿಸಿ, ಹದಿನೈದು ದಿನಕ್ಕೊಮ್ಮೆ ಫ್ಯಾನಿನ ಕೆಳಗೆ ಇಡಿ. ಮಳೆ ನಿಂತ ಮೇಲೆ ಮೊದಲ ಸವಾರಿಗೆ ಮುಂಚೆ ಬೈಕನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಾಕ್ ತೆಗೆಯಿರಿ, ಗೆಳೆಯರನ್ನು ಕರೆಯಿರಿ.