ಮಕ್ಕಳು ಎಚ್ಚರವಿರುವಾಗಲೇ ಓದಲು ಕೂತೆ

ಮೂರು ರಾತ್ರಿ ಒಂದೇ ಪುಟ ಓದಿದ್ದೆ. ನಾಲ್ಕನೆಯ ರಾತ್ರಿಯೂ ಅದೇ ಪುಟ ತೆಗೆದಾಗ, ಅದರಲ್ಲಿ ಬರುವ ಮುದುಕ ಯಾರ ಅಪ್ಪ ಎಂಬುದೇ ನೆನಪಿಗೆ ಬರಲಿಲ್ಲ. ಪುಸ್ತಕ ಮಗುಚಿ ಎದೆಯ ಮೇಲಿಟ್ಟುಕೊಂಡೆ. ಪಕ್ಕದಲ್ಲಿ ಎರಡು ವರ್ಷದ ಮಗ, ಆಚೆ ಆರು ವರ್ಷದ ಮಗಳು, ಇಬ್ಬರಿಗೂ ಗಾಢ ನಿದ್ದೆ. ಒಂದು ಕಾಲಕ್ಕೆ ರಜೆಯ ದಿನ ಬೆಳಗ್ಗೆ ಹಿಡಿದ ಕಾದಂಬರಿಯನ್ನು ರಾತ್ರಿಯೊಳಗೆ ಮುಗಿಸಿ ಏಳುತ್ತಿದ್ದವನು ನಾನು. ಆ ರಾತ್ರಿ ನಿಜವಾಗಿ ಹೆದರಿದೆ. ಓದುವ ಶಕ್ತಿಯೇ ಹೊರಟುಹೋಯಿತೇನೋ ಅನ್ನಿಸಿತು.

ಹೋಗಿರಲಿಲ್ಲ. ಆದರೆ ಅದನ್ನು ನಾನು ಹುಡುಕುತ್ತಿದ್ದ ಹೊತ್ತು ತಪ್ಪಾಗಿತ್ತು. ಮಕ್ಕಳು ಮಲಗಿದ ಮೇಲೆ ಓದೋಣ ಎಂದು ಎಲ್ಲ ಅಪ್ಪ ಅಮ್ಮಂದಿರ ಹಾಗೆ ನಾನೂ ಅಂದುಕೊಂಡಿದ್ದೆ. ರಾತ್ರಿ ಹತ್ತರ ಮೇಲೆ ಸಮಯವೇನೋ ಇರುತ್ತಿತ್ತು, ತಲೆ ಮಾತ್ರ ಆ ಹೊತ್ತಿಗೆ ದಣಿದಿರುತ್ತಿತ್ತು. ಒಂದು ವಾರ ಸಣ್ಣ ನೋಟ್‌ಬುಕ್ಕಿನಲ್ಲಿ ದಿನದ ಬಿಡುವುಗಳನ್ನೆಲ್ಲ ಬರೆದು ನೋಡಿದೆ. ಮೂರು ನಿಮಿಷ, ಐದು ನಿಮಿಷದ ಚೂರುಗಳೇ ಹೆಚ್ಚು, ಅವೆಲ್ಲ ಮೊಬೈಲಿಗೆ ಹೋಗುತ್ತಿದ್ದವು. ಕಣ್ಣೂ ಮನಸ್ಸೂ ಎರಡೂ ಎಚ್ಚರವಿದ್ದು ಕೊಂಚ ಉದ್ದವಾಗಿ ಸಿಗುತ್ತಿದ್ದ ಹೊತ್ತು ಸಂಜೆ ಆರರ ಆಸುಪಾಸು, ಸುಮಾರು ಇಪ್ಪತ್ತೈದು ನಿಮಿಷ. ಆಗ ಮಕ್ಕಳಿಬ್ಬರೂ ನನ್ನ ಎದುರಿಗೇ ಆಡುತ್ತಿರುತ್ತಾರೆ. ಅಂದರೆ ಓದುವುದಾದರೆ ಅವರ ನಡುವೆಯೇ ಓದಬೇಕು, ಅವರು ಕರೆಯುತ್ತಾರೆ ಎಂದು ಗೊತ್ತಿದ್ದೇ ಕೂರಬೇಕು.

ಮೊದಲು ಕೂತದ್ದು ಕೆಲಸದ ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ. ಸಾಲುಗಳ ಮೇಲೆ ಕಣ್ಣು ಓಡುತ್ತಿತ್ತು, ಒಳಗೆ ಉತ್ತರಿಸದ ಮೇಲ್ ಓಡುತ್ತಿತ್ತು. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೊಂದು ಹೆಸರು ಕೊಟ್ಟಿದ್ದಾರೆ. ಕನ್ನಡದಲ್ಲಿ ಗಮನದ ಶೇಷ ಎನ್ನಬಹುದು. ಅರ್ಧಕ್ಕೆ ಬಿಟ್ಟ ಕೆಲಸದಲ್ಲೇ ಗಮನದ ಒಂದು ಪಾಲು ಉಳಿದುಬಿಡುತ್ತದೆ, ಮುಂದಿನ ಕೆಲಸಕ್ಕೆ ಪೂರ್ತಿ ಸಿಗುವುದಿಲ್ಲ. ಬಿಡುವ ಮುಂಚೆ ಎಲ್ಲಿಗೆ ಬಂದಿದ್ದೇವೆ, ಮರಳಿದಾಗ ಏನು ಮಾಡಬೇಕು ಎಂದು ಬರೆದಿಟ್ಟರೆ ಆ ಸೆಳೆತ ಸಡಿಲವಾಗುತ್ತದೆ ಎಂಬುದನ್ನೂ ಅವರು ಮತ್ತೊಬ್ಬ ಸಂಶೋಧಕಿಯ ಜೊತೆ 2018ರಲ್ಲಿ ತೋರಿಸಿದರು. ನಾನು ಅದನ್ನೇ ಮಾಡಿದೆ. ಲ್ಯಾಪ್‌ಟಾಪ್ ಮುಚ್ಚುವ ಮೊದಲು ಒಂದು ಚೀಟಿಯಲ್ಲಿ ನಾಳೆಯ ಮೊದಲ ಕೆಲಸ ಬರೆದು ಅದರ ಮೇಲೇ ಅಂಟಿಸುವುದು. ಎರಡೇ ಸಾಲು. ಅದಾದ ಮೇಲೆ ಪುಸ್ತಕ ತೆರೆದರೆ ಮೊದಲ ಪುಟದಿಂದಲೇ ಮಾತು ಕೇಳಿಸತೊಡಗಿತು.

ನನ್ನ ಓದನ್ನು ನಿಜಕ್ಕೂ ಉಳಿಸಿದ್ದು ಇದೇ ಚೀಟಿಯನ್ನು ಪುಸ್ತಕಕ್ಕೂ ತಂದದ್ದು. ಮಕ್ಕಳಿರುವ ಮನೆಯಲ್ಲಿ ಅಧ್ಯಾಯದ ಕೊನೆಗೆ ತಲುಪಿ ನಿಲ್ಲಿಸುವ ಭಾಗ್ಯ ಇರುವುದಿಲ್ಲ. ವಾಕ್ಯದ ನಡುವೆ ಏಳಬೇಕು. ಪುಟ ಎಲ್ಲಿತ್ತು ಎಂಬುದನ್ನು ಬುಕ್‌ಮಾರ್ಕ್ ಹೇಳುತ್ತದೆ, ಮನಸ್ಸು ಎಲ್ಲಿತ್ತು ಎಂಬುದನ್ನು ಹೇಳುವುದಿಲ್ಲ. ಎರಡು ದಿನ ಬಿಟ್ಟು ಬಂದರೆ ಹತ್ತು ಪುಟ ಹಿಂದಕ್ಕೆ ಹೋಗಬೇಕು, ಆ ಹತ್ತು ಪುಟಕ್ಕೇ ಅಂದಿನ ಹೊತ್ತು ಮುಗಿದುಹೋಗುತ್ತದೆ. ಆ ಒಂದೇ ಪುಟವನ್ನು ಮೂರು ರಾತ್ರಿ ಓದಿದ್ದಕ್ಕೆ ಕಾರಣ ಇದೇ. ಈಗ ಬುಕ್‌ಮಾರ್ಕ್ ಜಾಗದಲ್ಲಿ ಉದ್ದನೆಯ ಖಾಲಿ ಚೀಟಿ ಇಡುತ್ತೇನೆ, ಜೊತೆಗೆ ಮೋಟು ಪೆನ್ಸಿಲ್. ಮಗ ಕರೆದಾಗ ಏಳುತ್ತಲೇ ಒಂದು ಸಾಲು ಗೀಚುವುದು: “ಮುದುಕ ಪತ್ರ ಸುಟ್ಟ. ಸೊಸೆ ನೋಡಿದಳು, ಸುಮ್ಮನಿದ್ದಳು.” ಮುಂದಿನ ಸಲ ಕೂತಾಗ ಆ ಸಾಲು ಓದಿದರೆ ಸಾಕು, ಕತೆಯ ಬಾಗಿಲು ತೆರೆಯುತ್ತದೆ. ಪುಸ್ತಕ ಮುಗಿಯುವಷ್ಟರಲ್ಲಿ ಚೀಟಿಯ ಎರಡೂ ಬದಿ ತುಂಬಿರುತ್ತದೆ. ಅವನ್ನು ಎಸೆದಿಲ್ಲ, ಆಯಾ ಪುಸ್ತಕದಲ್ಲೇ ಇವೆ.

ಮೊದಲ ವಾರ ಮಕ್ಕಳು ಬಿಡಲಿಲ್ಲ. ಮೊಬೈಲಿನಲ್ಲಿ ಇ-ಬುಕ್ ಓದುತ್ತಿದ್ದಾಗ ಮಗಳು ಒಂದು ದಿನ ಕೇಳಿದಳು, “ಅಪ್ಪಾ, ನೀನು ಓದ್ತಾ ಇದ್ದೀಯಾ, ಫೋನ್ ನೋಡ್ತಾ ಇದ್ದೀಯಾ?” ಅವಳಿಗೆ ಎರಡೂ ಒಂದೇ ಥರ ಕಾಣುತ್ತಿತ್ತು. ಹೊರಗಿನಿಂದ ನೋಡುವ ಯಾರಿಗಾದರೂ ಹಾಗೇ. ಅಂದಿನಿಂದ ಸಂಜೆಯ ಓದು ಕಾಗದದ ಪುಸ್ತಕದ್ದೇ ಆಯಿತು, ಮೊಬೈಲ್ ಇನ್ನೊಂದು ಕೋಣೆಗೆ ಹೋಯಿತು. ಕುರ್ಚಿಯನ್ನೂ ಬಿಟ್ಟೆ. ಕುರ್ಚಿಯಲ್ಲಿ ಕೂತ ಅಪ್ಪನನ್ನು ಕರೆಯಬೇಕು, ನೆಲದಲ್ಲಿ ಕೂತ ಅಪ್ಪನಿಗೆ ಬಂದು ಒರಗಿಕೊಂಡರಾಯಿತು. ನೆಲದಲ್ಲಿ ಗೋಡೆಗೊರಗಿ ಕೂರತೊಡಗಿದ ಮೇಲೆ ಮಗ ಕರೆಯುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಬಂದು ತೊಡೆಯ ಮೇಲೆ ಆಟದ ಕಾರು ಓಡಿಸುತ್ತಾನೆ, ನಾನು ಪುಟ ತಿರುಗಿಸುತ್ತೇನೆ. ಮಗಳಿಗೆ ಗಡಿಯಾರ ತೋರಿಸಿದೆ. “ದೊಡ್ಡ ಮುಳ್ಳು ಇಲ್ಲಿಗೆ ಬರೋವರೆಗೆ ನಾನು ಓದ್ತೀನಿ, ಆಮೇಲೆ ನೀನು ಹೇಳಿದ ಆಟ.” ಈ ಮಾತಿಗೆ ನಾನು ಎಂದೂ ತಪ್ಪಿಲ್ಲ. ಒಳ್ಳೆಯ ಘಟ್ಟದಲ್ಲಿದ್ದರೂ ಮುಳ್ಳು ಬಂದಾಗ ಪುಸ್ತಕ ಮುಚ್ಚಿದೆ. ನಾನು ತಪ್ಪದೆ ಏಳುತ್ತೇನೆ ಎಂಬ ನಂಬಿಕೆ ಅವಳಿಗೆ ಬಂದದ್ದರಿಂದಲೇ ಕಾಯುವುದು ಅವಳಿಗೆ ಸಾಧ್ಯವಾಯಿತು.

ಹೆಂಡತಿಯ ಜೊತೆ ಮೊದಲೇ ಮಾತಾಡಿಕೊಂಡಿದ್ದೆ. ನನಗೆ ಅರ್ಧ ಗಂಟೆ ಓದಿಗಾದರೆ ಅವಳಿಗೂ ಅರ್ಧ ಗಂಟೆ, ಅವಳ ಇಷ್ಟದಂತೆ. ಅವಳು ಒಬ್ಬಳೇ ನಡೆದಾಡಲು ಹೋಗುತ್ತಾಳೆ. ಒಬ್ಬರ ಓದಿನ ಭಾರ ಇನ್ನೊಬ್ಬರ ಮೇಲೆ ಬಿದ್ದರೆ ಆ ಓದಿನಲ್ಲಿ ಸಂತೋಷ ಇರುವುದಿಲ್ಲ. ಇದನ್ನು ಬಿಟ್ಟು ಉಳಿದ ಉಪಾಯಗಳನ್ನೆಲ್ಲ ಹೇಳುವುದು ಸರಿಯಲ್ಲ ಎಂದೇ ನನ್ನ ಭಾವನೆ.

ಯಾವ ಪುಸ್ತಕ ಎಂಬುದಕ್ಕೂ ತುಂಬ ಬೆಲೆ ಇದೆ. ಆ ಮುದುಕನ ಕಾದಂಬರಿಯನ್ನು ಪಕ್ಕಕ್ಕಿಟ್ಟು, ಹಿಂದೆ ಓದಿ ಮೆಚ್ಚಿದ್ದ ಒಂದು ಪುಸ್ತಕವನ್ನೇ ಮತ್ತೆ ತೆಗೆದೆ. ಕತೆ ಗೊತ್ತಿದ್ದದ್ದರಿಂದ ಎಲ್ಲಿ ತುಂಡಾದರೂ ನಷ್ಟವಿರಲಿಲ್ಲ, ವಾಕ್ಯಗಳ ರುಚಿ ಮಾತ್ರ ಮರಳಿ ಹತ್ತಿತು. ಆಮೇಲೆ ಸಣ್ಣ ಕತೆಗಳು, ಒಂದು ಸಂಜೆಗೆ ಒಂದು. ಲಲಿತ ಪ್ರಬಂಧಗಳು. ಹತ್ತಾರು ಪಾತ್ರಗಳ ದೊಡ್ಡ ಕಾದಂಬರಿಗೆ ಕೈಹಾಕಿದ್ದು ಎಂಟನೆಯ ತಿಂಗಳಲ್ಲಿ. ಐವತ್ತು ಪುಟವಾದರೂ ಒಳಗೆ ಬಿಟ್ಟುಕೊಳ್ಳದ ಪುಸ್ತಕವನ್ನು ಬಿಡುತ್ತೇನೆ. ಮಕ್ಕಳನ್ನು ಬೆಳೆಸುವುದು ಹೇಗೆ ಎಂಬ ಪುಸ್ತಕಗಳೂ ಕಪಾಟಿನಲ್ಲಿದ್ದವು. ಅವು ಬೇಕು, ಆದರೆ ಅವನ್ನು ಓದುವುದೂ ಒಂದು ಕೆಲಸವೇ. ಆ ಇಪ್ಪತ್ತೈದು ನಿಮಿಷಕ್ಕೆ ಅವಕ್ಕೆ ಪ್ರವೇಶವಿಲ್ಲ. ಮಲಗುವಾಗ ಮಕ್ಕಳಿಗೆ ಕತೆ ಓದಿ ಹೇಳುವುದನ್ನೂ ನಿಮ್ಮ ಓದು ಅಂತಲೇ ಲೆಕ್ಕ ಹಿಡಿಯಿರಿ ಎಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಅದು ನನಗೆ ಅತಿ ಪ್ರಿಯವಾದ ಹೊತ್ತು, ಆದರೆ ಅದು ಅವರದು. ದೊಡ್ಡವನಾದ ನನ್ನ ಮನಸ್ಸಿಗೂ ಅದರದೇ ಆದ ಹಸಿವಿದೆ. ಬಟ್ಟೆ ಮಡಚುವಾಗ ಆಡಿಯೋ ಪುಸ್ತಕ ಕೇಳಿ ನೋಡಿದೆ. ಗೊತ್ತಿರುವ ಕತೆಗೆ ಚೆನ್ನ, ಹೊಸದಾದರೆ ಗಮನ ಜಾರುತ್ತದೆ.

ಲೆಕ್ಕ ಹೀಗಿದೆ: ಒಂದು ಸಂಜೆಗೆ ಸುಮಾರು 10 ಪುಟ, ವಾರಕ್ಕೆ ನಾಲ್ಕು ಸಂಜೆ ಸಿಕ್ಕರೆ 40 ಪುಟ. 240 ಪುಟದ ಕಾದಂಬರಿಗೆ ಆರು ವಾರ. ಮೊದಲು ಇದು ಬಹಳ ನಿಧಾನ ಅನ್ನಿಸಿತ್ತು. ಈಗ ಆರು ವಾರ ಒಂದು ಮನೆತನದ ಜೊತೆ ಬಾಳುವುದು ನನಗೆ ಇಷ್ಟ. ಬೀದಿಯಲ್ಲಿ ನಡೆಯುವಾಗಲೂ ಅವರು ಜೊತೆಗಿರುತ್ತಾರೆ.

ನಾಲ್ಕನೆಯ ತಿಂಗಳಲ್ಲಿ ಮಕ್ಕಳಿಬ್ಬರಿಗೂ ಜ್ವರ ಬಂದು ಒಂಬತ್ತು ದಿನ ಪುಸ್ತಕ ಮುಟ್ಟಲಿಲ್ಲ. ಎಲ್ಲ ಮುಗಿಯಿತು ಅಂದುಕೊಂಡೆ. ಆಗ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ ಬರೆದದ್ದು ಧೈರ್ಯ ಕೊಟ್ಟಿತು. ಒಂದು ರೂಢಿ ಹತ್ತಲು ಸರಾಸರಿ 66 ದಿನ ಬೇಕೆಂದು ಅವರ ಲೆಕ್ಕ, ಆದರೆ ಜನದಿಂದ ಜನಕ್ಕೆ ಅದು 18 ದಿನದಿಂದ 254 ದಿನದವರೆಗೆ ಹಿಗ್ಗಬಹುದು ಎಂದು ಅವರ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ರೂಢಿ ಮುರಿಯುವುದಿಲ್ಲ. ನನ್ನದು ಒಂಬತ್ತು ದಿನ, ನಿಜ. ಆದರೂ ಹತ್ತನೆಯ ಸಂಜೆ ಗೋಡೆಗೊರಗಿ ಕೂತೆ. ಚೀಟಿ ಓದಿದೆ. ಕತೆ ಬಿಟ್ಟ ಕಡೆಯೇ ಕಾಯುತ್ತಿತ್ತು.

ಆ ಮುದುಕನ ಕಾದಂಬರಿಗೂ ಕೊನೆಗೆ ಮರಳಿದೆ. ಓದಲು ಕಲಿತಿದ್ದ ಮಗಳು ಒಂದು ಸಂಜೆ ಅದರ ಚೀಟಿಯನ್ನು ಅಕ್ಷರ ಅಕ್ಷರ ಕೂಡಿಸಿ ಓದಿ, “ಸೊಸೆ ಯಾಕೆ ಸುಮ್ಮನಿದ್ದಳು?” ಅಂದಳು. ಇನ್ನೂ ಗೊತ್ತಿಲ್ಲ, ನಾಳೆ ಹೇಳ್ತೀನಿ ಅಂದೆ. ಮರುದಿನ ಮುಳ್ಳು ಆರಂಭದ ಜಾಗಕ್ಕೆ ಬರುವ ಮುಂಚೆಯೇ ಪುಸ್ತಕ ತಂದು ನನ್ನ ಕೈಗಿಟ್ಟಳು. ಮೊನ್ನೆ ಅವಳ ಚಿತ್ರಪುಸ್ತಕ ಎತ್ತಿಡುವಾಗ ಒಳಗಿಂದ ಹರಿದ ಕಾಗದದ ತುಂಡೊಂದು ಬಿತ್ತು. ದಪ್ಪ ಪೆನ್ಸಿಲಿನಲ್ಲಿ, ಸೊಟ್ಟ ಅಕ್ಷರಗಳಲ್ಲಿ: “ನಾಯಿ ಇನ್ನೂ ಸಿಕ್ಕಿಲ್ಲ.”