ಟಿಪ್ಪು ಪೈಸೆಗಳ ಕಿಲುಬು ನಿಲ್ಲಿಸಿದ್ದು ಹೀಗೆ: ನನ್ನ ಅನುಭವ

ಟಿಪ್ಪು ಕಾಲದ ತಾಮ್ರದ ಪೈಸೆಗಳ ಹಸಿರು ಪುಡಿ ಕೊನೆಗೂ ನಿಂತಿದೆ. ಮಳೆಗಾಲ ಕಳೆದರೂ ಮತ್ತೆ ಕಾಣಿಸಿಲ್ಲ. "ತಾಮ್ರಕ್ಕೆ ಒಂದ್ಸಲ ಈ ರೋಗ ಹಿಡಿದರೆ ಮುಗೀತು, ತೂಕಕ್ಕೆ ಹಾಕಿಬಿಡಿ" ಅಂದವರು ನಮ್ಮ ನಾಣ್ಯ ಸಂಗ್ರಾಹಕರ ಬಳಗದಲ್ಲೇ ಇದ್ದರು. ಅವರಲ್ಲೊಬ್ಬರು ಈಗ ತಮ್ಮ ಪೈಸೆಗಳನ್ನು ನನಗೇ ತಂದುಕೊಟ್ಟಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಲಾಟ್, ಅಂದರೆ ಒಟ್ಟಿಗೆ ಮಾರುವ ನಾಣ್ಯಗಳ ರಾಶಿ, ಸಿಕ್ಕಿದ್ದು ಬೆಂಗಳೂರಿನ ಅವೆನ್ಯೂ ರಸ್ತೆ ಕಡೆ. ನಲವತ್ತು ಚಿಲ್ಲರೆ ಪೈಸೆ, ಹತ್ತಿರ ಹತ್ತಿರ ಏಳು ಸಾವಿರ ರೂಪಾಯಿ. ಹೆಚ್ಚಿನವು ಪಟ್ಟಣ, ಅಂದರೆ ಶ್ರೀರಂಗಪಟ್ಟಣದ ಟಂಕಸಾಲೆಯವು. ಅರ್ಧದಷ್ಟಕ್ಕೆ ಬ್ರಾಂಜ್ ಡಿಸೀಸ್, ಅಂದರೆ ಒಳಗೆ ಸೇರಿಕೊಂಡ ಕ್ಲೋರೈಡ್ ಎಂಬ ಉಪ್ಪಿನಂಶ ತೇವ ತಾಗಿದಾಗಲೆಲ್ಲ ತಾಮ್ರವನ್ನು ತಿನ್ನುವ ಕಿಲುಬು. ಗಟ್ಟಿಯಾಗಿ ಕೂತ ಹಸಿರು ಬೇರೆ, ಇದು ಬೇರೆ. ಇದು ತಿಳಿ ಹಸಿರು, ಮುಳ್ಳಿನ ತುದಿ ತಾಗಿಸಿದರೆ ಸಾಕು, ಪುಡಿಯಾಗಿ ಉದುರಿ ಕೆಳಗೆ ಗುಳಿ ಕಾಣುತ್ತದೆ. ಗಟ್ಟಿ ಹಸಿರನ್ನು ನಾನಂತೂ ಮುಟ್ಟುವುದಿಲ್ಲ. ಅದು ನಾಣ್ಯದ ಚರ್ಮ.

ಮೊದಲು ಆಲಿವ್ ಎಣ್ಣೆ. ತಿಂಗಳುಗಟ್ಟಲೆ ನೆನೆಸಿಟ್ಟೆ. ಮಣ್ಣು ಬಿಟ್ಟಿತು, ಬಣ್ಣ ಕಪ್ಪಾಯಿತು, ಜೂನ್ ಮಳೆ ಶುರುವಾದ ಕೂಡಲೇ ಪುಡಿ ವಾಪಸ್. ಎಣ್ಣೆಯ ದುಡ್ಡೇ ಸಾವಿರ ದಾಟಿರಬೇಕು. ಆಮೇಲೆ ನಲ್ಲಿ ನೀರು. ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ನಮ್ಮ ಬೋರ್‌ವೆಲ್ ನೀರೋ ಉಪ್ಪು. ಒಳಗೆ ಕೂತಿರುವ ಕ್ಲೋರೈಡನ್ನು ಹೊರಗೆ ತೆಗೆಯಬೇಕು ಅಂತ ಹೊರಟು, ಕ್ಲೋರೈಡ್ ಇರುವ ನೀರಲ್ಲೇ ಮುಳುಗಿಸಿದರೆ ಏನು ಬಂತು? ಹುಣಸೆಹಣ್ಣು, ನಿಂಬೆರಸ, ಪಾತ್ರೆ ಉಜ್ಜುವ ಪುಡಿ ಇವುಗಳ ಹೆಸರೆತ್ತಬೇಡಿ. ಲಾಟ್‌ನಲ್ಲೇ ಯಾರೋ ಉಜ್ಜಿದ ನಾಲ್ಕೈದು ಇದ್ದವು. ಗುಲಾಬಿ ಬಣ್ಣದ ಬೋಳು ತಾಮ್ರ. ಅವನ್ನು ಐವತ್ತು ರೂಪಾಯಿಗೂ ಯಾರೂ ಕೇಳಲಿಲ್ಲ.

ಕೆಲಸ ಮಾಡಿದ್ದು ಸೋಡಾ. ಅಡುಗೆ ಸೋಡಾ, ವಾಷಿಂಗ್ ಸೋಡಾ ಸುಮಾರು ಸಮಸಮ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ತೆಳ್ಳಗೆ ಕರಗಿಸಿದ್ದು. ನೀರು ಲೀಟರಿಗೆ ಇಪ್ಪತ್ತು ರೂಪಾಯಿ ಆಸುಪಾಸು. ಮೊದಲು ಅಸಿಟೋನ್‌ನಲ್ಲಿ ಅದ್ದಿ ಜಿಡ್ಡು ತೆಗೆಯಬೇಕು, ಇಲ್ಲದಿದ್ದರೆ ಸೋಡಾ ಒಳಗೆ ಇಳಿಯುವುದೇ ಇಲ್ಲ. ಶುರುವಿನಲ್ಲಿ ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ನೀರು ಬದಲಾವಣೆ. ಮೂರು ನಾಲ್ಕು ತಿಂಗಳು ಹಿಡಿಯಿತು. ಸೋಡಾದ ಹದ, ಯಾವ ನಾಣ್ಯವನ್ನು ಎಷ್ಟು ಬೇಗ ಎತ್ತಬೇಕು ಅನ್ನೋದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಜಾಸ್ತಿ ದಿನ ಬಿಟ್ಟರೆ ಮೇಲ್ಮೈ ಬಣ್ಣ ಬದಲಾಗುತ್ತದೆ, ಇಷ್ಟು ಹೇಳಿದರೆ ಸಾಕು.

ಮುಗಿಯಿತು ಅಂತ ಗೊತ್ತಾಗುವುದು ಹೇಗೆ? ಎಲ್ಲರೂ ಎಡವುವುದು ಇಲ್ಲೇ. ಕಣ್ಣಿಗೆ ಚೆನ್ನಾಗಿ ಕಂಡಿತು ಅಂತ ಎತ್ತಿಬಿಡುತ್ತಾರೆ. ನಾನು ನಾಣ್ಯವನ್ನು ತೊಳೆದು, ಹೊಸ ಡಿಸ್ಟಿಲ್ಡ್ ನೀರಲ್ಲಿ ಒಂದೆರಡು ದಿನ ಇಟ್ಟು, ಆ ನೀರಲ್ಲಿ ಸ್ವಲ್ಪವನ್ನು ಗಾಜಿನ ಕೊಳವೆಗೆ ಹಾಕುತ್ತೇನೆ. ಒಂದು ತೊಟ್ಟು ನೈಟ್ರಿಕ್ ಆಸಿಡ್, ಆಮೇಲೆ ಎರಡು ತೊಟ್ಟು ಸಿಲ್ವರ್ ನೈಟ್ರೇಟ್. ಕಪ್ಪು ಬಟ್ಟೆ ಹಿಂದೆ ಹಿಡಿದು ನೋಡಿ. ಹಾಲು ಬೆರೆಸಿದ ಹಾಗೆ ಮಸುಕಾದರೆ ಕ್ಲೋರೈಡ್ ಇನ್ನೂ ಬರುತ್ತಿದೆ. ತಿಳಿಯಾಗಿದ್ದರೆ ಆಯಿತು. ಆಸಿಡ್ ಬಿಟ್ಟರೆ ಉಳಿದ ಸೋಡಾಕ್ಕೇ ಮಸುಕಾಗಿ ದಾರಿ ತಪ್ಪಿಸುತ್ತದೆ. ಸಿಲ್ವರ್ ನೈಟ್ರೇಟ್ ಕೈಗೆ ತಾಗಿದರೆ ಕಪ್ಪು ಕಲೆ, ವಾರವಾದರೂ ಹೋಗದು. ಪರಿಚಯದ ಕೆಮಿಸ್ಟ್ರಿ ಮೇಷ್ಟ್ರು ಒಂದು ಚಿಕ್ಕ ಬಾಟಲಿ ಕೊಟ್ಟರು, ಇಲ್ಲದಿದ್ದರೆ ಅದೇ ದುಬಾರಿ ಬಾಬತ್ತು.

ಉಳಿದ ಮಣ್ಣಿಗೆ ಗುಲಾಬಿ ಮುಳ್ಳು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಭೂತಗನ್ನಡಿ). ಪಿನ್ನು, ಬ್ಲೇಡು ಬೇಡ. ಒಂದು ಪೈಸೆಯಲ್ಲಿ ಆನೆಯ ಚಿತ್ರದ ಮೇಲಿದ್ದ ಮಣ್ಣಿನ ಮುದ್ದೆ ಕಿತ್ತು ಬಂದಾಗ ಟಿಪ್ಪು ಜಾರಿಗೆ ತಂದ ಮೌಲೂದಿ ಇಸವಿಯ ನಾಲ್ಕೂ ಅಂಕಿ ಪೂರ್ತಿ ಬಿಡಿಸಿಕೊಂಡವು. ಬಲದಿಂದ ಎಡಕ್ಕೆ ಓದಿಕೊಂಡೆ, 1224. ನೂರೈವತ್ತಕ್ಕೆ ಕೊಡಿ ಅಂತಿದ್ದ ಡೀಲರ್ ಅದೇ ಪೈಸೆಗೆ ಸಾವಿರದ ಇನ್ನೂರರ ಹತ್ತಿರ ಬಂದ.

ಗ್ರೇಡಿಂಗ್, ಅಂದರೆ ನಾಣ್ಯ ಎಷ್ಟು ಸವೆದಿದೆ ಅಂತ ದರ್ಜೆ ಕೊಡುವ ವಿಷಯದಲ್ಲೂ ಅವನ ಜೊತೆ ವಾದ ನಡೆಯಿತು. ಆನೆಯ ಹಿಂಗಾಲು ಚಪ್ಪಟೆಯಾಗಿದೆ, ಸವೆದಿದೆ, ವಿಎಫ್ (ವೆರಿ ಫೈನ್) ದರ್ಜೆ ಕೂಡ ಇಲ್ಲ ಅಂದ. ಸವೆತ ಎತ್ತರದ ಜಾಗವನ್ನು ಮೊದಲು ತಿನ್ನುತ್ತದೆ, ಅಲ್ವಾ? ಇಲ್ಲಿ ಕಿವಿಯ ಅಂಚು ಚೂಪಾಗಿದೆ, ಕಾಲು ಮಾತ್ರ ಇಲ್ಲ. ಲೂಪ್‌ನಲ್ಲಿ ಕಾಲಿನ ಜಾಗ ಒರಟು, ನಯವಾಗಿಲ್ಲ. ಕೈಯಲ್ಲಿ ಹೊಡೆದ ನಾಣ್ಯ, ಅಚ್ಚು ಅಲ್ಲಿ ಸರಿಯಾಗಿ ಬಿದ್ದಿಲ್ಲ, ಅಷ್ಟೆ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಲಾಟ್‌ನಲ್ಲಿ ಬೇರೆಯವರು ಬಿಟ್ಟದ್ದನ್ನು ನೀವು ಆರಿಸಬಹುದು.

ಸುಮ್ನೆ ಇರಲಾರದೆ ಬೆಳ್ಳಿಯ ಮೇಲೂ ಒಂದು ಪ್ರಯೋಗ ಮಾಡಿದೆ. ಆರನೇ ಜಾರ್ಜ್‌ನ ಸವೆದ ಪಾವಲಿ, ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡಾ, ಬಿಸಿನೀರು. ಕಪ್ಪು ಕ್ಷಣದಲ್ಲಿ ಹೋಯಿತು, ಉಳಿದದ್ದು ಸತ್ತ ಬಿಳಿ ಬಣ್ಣ. 1911ರ ಐದನೇ ಜಾರ್ಜ್ ರೂಪಾಯಿ, ರಾಜನ ಉಡುಪಿನ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆಂದು ಗಲಾಟೆಯಾದದ್ದು, ಅಂಥದ್ದು ಕೈಗೆ ಬಂದರೆ ಈ ಕೆಲಸ ಮಾಡಲೇಬೇಡಿ. ತಿರುಗಿಸಿದಾಗ ಸುತ್ತುವ ಹೊಳಪು ಒಮ್ಮೆ ಹೋದರೆ ಮುಗೀತು, ಯುಎನ್‌ಸಿ, ಅಂದರೆ ಚಲಾವಣೆಯಾಗದ ಹೊಸ ನಾಣ್ಯದ ಬೆಲೆ ಯಾರೂ ಕೊಡುವುದಿಲ್ಲ. ಪಿವಿಸಿ ಕವರಿನ ಅಂಟು ಇದ್ದರೆ ಶುದ್ಧ ಅಸಿಟೋನ್, ಅಷ್ಟಕ್ಕೇ ನಿಲ್ಲಿಸಿ.

ಪೈಸೆಗಳನ್ನು ಈಗ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟಿದ್ದೇನೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಆಗಾಗ ತೆಗೆದು ನೋಡುತ್ತೇನೆ. ಬಳಗದವರು ಕೊಟ್ಟ ಪೈಸೆಗಳಲ್ಲಿ ಒಂದೆರಡರ ನೀರು ಇನ್ನೂ ಮಸುಕಾಗುತ್ತಿದೆ, ಅವಕ್ಕೆ ಎರಡನೇ ಸುತ್ತು ಸೋಡಾ ನಡೆಯುತ್ತಿದೆ.